ಲಾಗೋಸ್ ಬಿಟ್ಟುಕೊಟ್ಟ ಸೋಮವಾರ

"ಲಾಗೋಸ್ ಕಟ್ಟಿದವರು ನಾವು," ಎಂದರು ಅಲ್ಹಾಜಿ ಕೋಲೋ, ತೋಳಿಗೆ ಎರಡನೆಯ ಸೂಜಿ ಇಳಿಯುತ್ತಿದ್ದಾಗಲೇ. ಸೂಜಿಯ ನೋವು ಮರೆಯಲು ಕೆಲವರು ದೇವರ ಹೆಸರು ಹೇಳುತ್ತಾರೆ, ಕೆಲವರು ಟೀವಿ ನೋಡುತ್ತಾರೆ. ಕೋಲೋ ಅವರಿಗೆ ಈ ಒಂದು ವಾಕ್ಯ ಸಾಕಾಗುತ್ತಿತ್ತು.

"ನೋಡು ರಿಯಾ," ಎಂದರು ಈಚೆ ಬದಿಯ ಕುರ್ಚಿಯಿಂದ ಮಿಸೆಸ್ ಬಾಂಕೋಲೆ, ಸೂಜಿ ಹಾಕುತ್ತಿದ್ದ ಹುಡುಗಿಗೆ. "ಯಂತ್ರ ಇನ್ನೂ ಆನ್ ಆಗಿಲ್ಲ. ಬಾಯಿ ಆಗಲೇ ಆನ್ ಆಯ್ತು."

ಇಬ್ಬರ ನಡುವಿನ ಕುರ್ಚಿಯಲ್ಲಿ ಶಂಕರನಾರಾಯಣರು ಮಂಕಿ ಕ್ಯಾಪನ್ನು ಕಿವಿಯ ಮೇಲೆ ಎಳೆದುಕೊಂಡರು. ಕ್ಯಾಪು ತಂದದ್ದು ಚಳಿಗೆ. ಮೈಯಿಂದ ಹೊರಗೆ ಹೋದ ರಕ್ತ ಯಂತ್ರದೊಳಗೆ ಸುತ್ತಾಡಿ ತಿರುಗಿ ಬರುವಾಗ ಹೊರಗಿನ ಚಳಿಯನ್ನೂ ಜೊತೆಗೆ ಕರೆತರುತ್ತದೆ. ಉಣ್ಣೆಗೆ ಆ ಚಳಿಯನ್ನು ತಡೆಯುವ ಶಕ್ತಿ ಇತ್ತು. ಲಾಗೋಸನ್ನು ತಡೆಯುವ ಶಕ್ತಿ ಇರಲಿಲ್ಲ.

ಸಮರ್‌ಸೆಟ್‌ನ ಒಂದು ಸ್ಟ್ರಿಪ್ ಮಾಲಿನ ಅಂಗಡಿಸಾಲಿನಲ್ಲಿ, ಟ್ಯಾಕ್ಸ್ ಬರೆದುಕೊಡುವವರ ಆಫೀಸಿಗೂ ಒಂದು ದೇಸಿ ಗ್ರೋಸರಿಗೂ ನಡುವೆ ಇತ್ತು ಆ ಡಯಾಲಿಸಿಸ್ ಕೇಂದ್ರ. ಕಿಟಕಿಯ ಆಚೆ ಎಳನೀರು, ಬಾಳೆಹಣ್ಣು, ಟೊಮೇಟೊ ಡಬ್ಬಗಳು ಲಾರಿಯಿಂದ ಇಳಿಯುತ್ತಿದ್ದವು. ಒಳಗೆ ಕೂತವರಿಗೆ ಅವೆಲ್ಲ ನಿಷಿದ್ಧ. ವಾರಕ್ಕೆ ಮೂರು ದಿನ ಶಂಕರನಾರಾಯಣರು ಇಲ್ಲಿಗೆ ಬಂದು, ಒಂದು ತೋಳನ್ನು ಅಲುಗಿಸದೆ ಚಾಚಿಟ್ಟು, ಅರ್ಧ ಹಗಲು ಒರಗಿರುತ್ತಿದ್ದರು. ಕೆಲಸದಲ್ಲಿದ್ದಾಗ ಅವರು ಹಡ್ಸನ್ ನದಿಯ ಕೆಳಗಿನ ಸುರಂಗಗಳನ್ನು ತಪಾಸಣೆ ಮಾಡುತ್ತಿದ್ದ ಎಂಜಿನಿಯರು. ನೀರು ಒಳಗೆ ಬಾರದ ಹಾಗೆ ನೋಡಿಕೊಂಡು ಆಯುಷ್ಯ ಕಳೆದವರು, ಈಗ ಹೊರಗೆ ಹೋಗದ ನೀರಿನಿಂದಾಗಿ ಇಲ್ಲಿ ಬಂದು ಕೂತಿದ್ದರು.

ಜಗಳ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಮೂವರದೂ ಮೂರು ಬಗೆಯ ಇಂಗ್ಲಿಷಾದರೂ ಅದಕ್ಕೇನೂ ಅಡ್ಡಿಯಾಗಿರಲಿಲ್ಲ.

"ನೈಜರ್ ನದೀಲಿ ದೋಣಿ ನಡೆಸಿದೋರು ಯಾರು? ನಾವು, ನೂಪೆ ಜನ," ಎನ್ನುತ್ತಿದ್ದರು ಕೋಲೋ. ನ್ಯೂವರ್ಕಿನಲ್ಲಿ ಔಷಧಿ ಅಂಗಡಿ ನಡೆಸಿ ನಿವೃತ್ತರಾದವರು, ಈಗ ಮಗಳ ಮನೆಯಲ್ಲಿದ್ದರು. ಊರು ಬಿದಾ, ಲಾಗೋಸ್ ಇರುವ ದೇಶದ್ದೇ ಆದರೂ ಸಮುದ್ರದಿಂದ ಬಹಳ ದೂರ. "ದೋಣಿ ಇದ್ದೋನು ನೀರು ಮುಗಿಯೋ ತನಕ ಹೋಗ್ತಾನೆ. ಹೋದ ಕಡೆ ಗುಡಿಸಲು ಹಾಕ್ತಾನೆ. ಹತ್ತು ಗುಡಿಸಲಾದ್ರೆ ಅದೇ ಊರು. ನಮ್ಮ ತಾತ ಇದನ್ನ ಹೇಳ್ತಿದ್ದ, ಅವನ ತಾತನೂ ಹೇಳ್ತಿದ್ದ."

"ಅಲ್ಹಾಜಿ, ನಿಮ್ಮ ತಾತ ಮ್ಯಾಪ್ ನೋಡಿದ್ರಾ? ನೈಜರ್ ಸಮುದ್ರ ಸೇರೋದು ಲಾಗೋಸ್‌ನಲ್ಲಲ್ಲ. ಎಷ್ಟೋ ದೂರ, ಪೂರ್ವಕ್ಕೆ." ಮಿಸೆಸ್ ಬಾಂಕೋಲೆ ಹುಟ್ಟಿದ್ದು ಲಾಗೋಸ್ ದ್ವೀಪದಲ್ಲೇ. ಬ್ರೂಕ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು, ಈಗ ಪಕ್ಕದೂರು ಪಿಸ್ಕಾಟವೇಯಲ್ಲಿ ಒಬ್ಬರೇ ಇದ್ದರು. "ನಮ್ಮ ಯೊರುಬಾ ಜನ ಅಲ್ಲಿ ಬಲೆ ಹಾಕ್ತಿದ್ದಾಗ ನಿಮ್ಮೋರು ಎಲ್ಲಿದ್ರು? ಪಕ್ಕದ ಬೆನಿನ್ ರಾಜ್ಯದೋರೂ ಊರು ನಮ್ದು ಅಂತಾರೆ, ಅವ್ರಿಗೆ ಸೈನ್ಯವಾದ್ರೂ ಇತ್ತು. ನಿಮ್ಮೋರು ಬಂದ್ರು, ಇಲ್ಲ ಅನ್ನಲ್ಲ. ನಮ್ಮ ರಾಜನ ಮನೆಗೆ ಚಾಕರಿಗೆ ಬಂದ್ರು."

"ಚಾಕರಿಗೆ ಬಂದೋನು ಸೇನಾಪತಿ ಆದ. ದ್ವೀಪದಲ್ಲಿ ಅವನ ಕೇರಿ ಇವತ್ತಿಗೂ ಇದೆ."

"ಬಾಡಿಗೆಗೆ ಬಂದೋನು ಮನೆ ನಂದೇ ಅಂದ ಹಾಗಾಯ್ತು. ನೀವು ಹೇಳಿ, ಮಿಸ್ಟರ್ ನಾರಾಯಣ."

"ಹೇಳಿ, ಶಂಕರ್," ಎನ್ನುತ್ತಿದ್ದರು ಕೋಲೋ ಆ ಕಡೆಯಿಂದ.

ಶಂಕರನಾರಾಯಣರು ಎರಡೂ ಕಡೆಗೆ ಒಂದೊಂದು "ಇರಬಹುದು" ಹಂಚುತ್ತಿದ್ದರು. ಈ ಕಲೆ ಅವರಿಗೆ ಹೊಸದಲ್ಲ. ಎರಡು ಬಣವಾಗಿ ಒಡೆದಿದ್ದ ಅಲ್ಲಿನ ಕನ್ನಡ ಕೂಟಕ್ಕೆ ಅವರು ಮತ್ತೆ ಮತ್ತೆ ಅಧ್ಯಕ್ಷರಾದದ್ದು, ಯಾವ ಬಣಕ್ಕೂ ಅವರ ಅಭಿಪ್ರಾಯ ಏನೆಂದು ತಿಳಿಯದ ಕಾರಣಕ್ಕೆ. ಇಲ್ಲೂ ಅಷ್ಟೆ; ಇಂಡಿಯಾದವರು ತಮ್ಮ ಕಡೆ ಎಂದು ಇಬ್ಬರೂ ನಂಬಿದ್ದರು.

ಫೆಬ್ರವರಿಯ ಕೊನೆಗೆ, ರಂಜಾನ್ ಶುರುವಾಗಿ ಕೆಲವು ದಿನವಾಗಿತ್ತು, ಹೊರಗೆ ಹಿಮ ಬೀಳುತ್ತಿತ್ತು. ಮಿಸೆಸ್ ಬಾಂಕೋಲೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಕೋಲೋ ಕುತ್ತಿಗೆಯನ್ನಷ್ಟೇ ಈಚೆ ಹೊರಳಿಸಿದರು.

"ಶಂಕರ್. ಹಬ್ಬ ಆದ ಮೇಲೆ ನಾನು ಬರಲ್ಲ."

"ಶಿಫ್ಟ್ ಬದಲಾಯಿಸ್ತಿದೀರಾ?"

"ಯಾವ ಶಿಫ್ಟಿಗೂ ಬರಲ್ಲ."

"ಊರಿಗೆ ಹೊರಟ್ರಾ?"

"ಈ ಯಂತ್ರಾನ ಬಗಲಲ್ಲಿಟ್ಕೊಂಡಾ? ನಿಲ್ಲಿಸ್ತೀನಿ, ಅಷ್ಟೆ. ಡಾಕ್ಟರಿಗೆ ಹೇಳಿದೀನಿ. ರೋಗಿ ಬೇಡ ಅಂದ್ರೆ ಯಾರೂ ಬಲವಂತ ಮಾಡೋ ಹಾಗಿಲ್ಲ ಇಲ್ಲಿ. ಬೆಳಿಗ್ಗೆ ಎದ್ರೆ ಸೂಜಿ, ಇಲ್ಲಾಂದ್ರೆ ನಾಳೆ ಸೂಜಿ. ಸಾಕು."

"ಮಗಳಿಗೆ ಹೇಳಿದ್ರಾ?"

"ಹಬ್ಬದ ಊಟ ಆಗ್ಲಿ, ಹೇಳ್ತೀನಿ. ಅಲ್ಲೀತನಕ ನಿಮ್ಮ ಹೊಟ್ಟೇಲಿರ್ಲಿ."

ಶಂಕರನಾರಾಯಣರು ತಲೆಯಾಡಿಸಿದರು. ಬಾಗಿಲೇ ಇಲ್ಲವೆಂದು ಇಷ್ಟು ಕಾಲ ಕೂತಿದ್ದ ಕೋಣೆಯಲ್ಲಿ, ಇಗೋ ಬಾಗಿಲು ಎಂದು ಯಾರೋ ಬೆರಳು ಮಾಡಿ ತೋರಿಸಿದ ಹಾಗಾಗಿತ್ತು. ಅದರಿಂದ ಹುಟ್ಟಿದ್ದು ಸಮಾಧಾನವಲ್ಲ. ಎದ್ದು ಒಂದು ಸುತ್ತು ಓಡಾಡಿ ಬರೋಣವೆನಿಸಿತು. ಆದರೆ ಅವರ ರಕ್ತದಲ್ಲಿ ಒಂದು ಪಾಲು ಯಂತ್ರದೊಳಗಿತ್ತು. ಅದನ್ನು ಅಲ್ಲೇ ಬಿಟ್ಟು ಎದ್ದು ಹೋಗುವ ಹಾಗಿರಲಿಲ್ಲ.

ಗುಟ್ಟು ಅವರ ಹೊಟ್ಟೆಯಲ್ಲಿ ಊಟದ ಹೊತ್ತಿನವರೆಗೆ ಇತ್ತು.

"ಯಾಕ್ರೀ, ಸಾರಿಗೆ ಉಪ್ಪಿಲ್ಲ ಅಂತ ಬೈಲೇ ಇಲ್ವಲ್ಲ ಇವತ್ತು?" ಎಂದಳು ಹೆಂಡತಿ ಪ್ರಭಾ. ಟೊಮೇಟೊ ಇಲ್ಲದ, ಉಪ್ಪೂ ಇಲ್ಲದ, ಬೇಳೆಯೂ ನೆಪಕ್ಕಷ್ಟೇ ಇದ್ದ ಆ ದ್ರವವನ್ನು ಸಾರು ಎಂದು ಕರೆಯುವ ಧೈರ್ಯ ಅವಳೊಬ್ಬಳಿಗೇ ಇತ್ತು. ಅವರು ಎಲ್ಲವನ್ನೂ ಹೇಳಿದರು.

"ಅಯ್ಯೋ ಪಾಪ," ಎಂದು ಅವಳು ಸೌಟು ಕೆಳಗಿಟ್ಟಳು. "ನಾವಂತೂ ತಡೆಯೋಕಾಗಲ್ಲ. ಇರೋ ನಾಲ್ಕು ದಿನ ಆ ಮನುಷ್ಯ ಖುಷಿಯಾಗಾದ್ರೂ ಇರ್ಲಿ. ಆ ಆಂಟಿಗೆ ಹೇಳಿ. ಒಂದ್ಸಲ 'ಆಯ್ತಪ್ಪಾ, ಲಾಗೋಸ್ ನಿಮ್ದೇ' ಅಂದ್ಬಿಡ್ಲಿ. ಅವ್ಳ ಗಂಟೇನು ಹೋಗತ್ತೆ?"

"ಊರು ಕಣೇ ಅದು. ಸೈಟಲ್ಲ, ಬರ್ಕೊಡೋಕೆ."

"ಆಕೆ ಅಲ್ಲೇನು ಈಗ ಸಂಸಾರ ಹೂಡಿದಾಳಾ? ಇರೋದು ಪಿಸ್ಕಾಟವೇಲಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಆಯ್ತಪ್ಪ."

ಬೆಂಗಳೂರಿನವರ ಬಾಯಲ್ಲಿ ಇದು ಸಲಹೆಯಲ್ಲ, ನ್ಯಾಯಶಾಸ್ತ್ರ. ಇಬ್ಬರ ಸೀಟಿನಲ್ಲಿ ಮೂರನೆಯವರು ಕೂರುವುದರಿಂದ ಹಿಡಿದು, ಛತ್ರದಲ್ಲಿ ಮುನಿದ ಬೀಗರನ್ನು ಊಟಕ್ಕೆ ಎಬ್ಬಿಸುವವರೆಗೆ ಎಲ್ಲ ವ್ಯಾಜ್ಯವೂ ಅದರಲ್ಲೇ ತೀರ್ಮಾನವಾಗುತ್ತದೆ. ಯಾರೋ ಒಬ್ಬರು ಒಂದಿಷ್ಟು ಸರಿದುಕೊಳ್ಳಬೇಕು. ಸರಿದವರಿಗೆ ಒಳ್ಳೆಯವರೆಂಬ ಹೆಸರು, ಕೂತವರಿಗೆ ಜಾಗ. ಶಂಕರನಾರಾಯಣರಿಗೆ ಈ ಲೆಕ್ಕದಲ್ಲಿ ಯಾವ ದೋಷವೂ ಕಾಣಲಿಲ್ಲ.

ಶುಕ್ರವಾರ ಕಾಯುವ ಕೋಣೆಯಲ್ಲಿ, ಕೋಲೋ ಇನ್ನೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವರು ಮಿಸೆಸ್ ಬಾಂಕೋಲೆಯ ಪಕ್ಕ ಕೂತು ಪಿಸುಗುಟ್ಟಿದರು. ಆಕೆ ತಲೆಗೆ ಸುತ್ತಿದ್ದ ನೀಲಿ ಬಟ್ಟೆಯ ಗಂಟನ್ನು ಬಿಚ್ಚಿದರು, ಮತ್ತೆ ಕಟ್ಟಿದರು.

"ನಿಲ್ಲಿಸಿದ್ರೆ ಒಂದು ವಾರ, ಎರಡು ವಾರ," ಎಂದರು. "ನರ್ಸ್ ಆಗಿದ್ದೆ. ನೋಡಿದೀನಿ." ಆಮೇಲೆ, "ನೀವು ಏನು ಕೇಳ್ತಿದೀರಿ ಗೊತ್ತಾ ನಿಮಗೆ?"

"ಒಂದು ಮಾತು. ಅಷ್ಟೆ."

"ನಮ್ಮಜ್ಜಿ ಆ ದ್ವೀಪದಲ್ಲಿ ಒಣಮೀನು ಮಾರಿ ಮಕ್ಕಳನ್ನೆಲ್ಲ ಓದಿಸಿದ್ಲು. ಅಲ್ಲೇ ಮಣ್ಣಾದ್ಲು. ಆ ಮಣ್ಣನ್ನ ಈ ಬಿದಾದ ಮನುಷ್ಯನಿಗೆ ಕೊಡು ಅಂತೀರಿ."

"ಬಾಯಿಮಾತಿಗೆ, ಮೇಡಂ. ಸುಮ್ನೆ, ಅವರ ಸಮಾಧಾನಕ್ಕೆ."

"ನಿಮ್ಮ ದೇಶದಲ್ಲಿ ಬಾಯಿಮಾತಿಗೆ ಊರು ಕೊಡ್ತಾರಾ?"

"ಇರಬಹುದು" ಎಂಬ ಮಾತು ಶಂಕರನಾರಾಯಣರ ನಾಲಿಗೆಯ ತುದಿಯವರೆಗೆ ಬಂತು.

ಸೋಮವಾರ ಸೂಜಿ ಇಳಿಯಿತು. "ಲಾಗೋಸ್ ಕಟ್ಟಿದವರು ನಾವು," ಎಂದರು ಕೋಲೋ.

ಈ ಕಡೆ ಮಿಸೆಸ್ ಬಾಂಕೋಲೆ ತಲೆಬಟ್ಟೆಯ ಗಂಟನ್ನು ಒಂದು ಕೈಯಲ್ಲೇ ಸರಿಮಾಡಿಕೊಂಡರು. ಶಂಕರನಾರಾಯಣರು ಚಾವಣಿಯನ್ನು ನೋಡುತ್ತಿದ್ದರು.

"ನಾನೂ ಯೋಚನೆ ಮಾಡಿದೆ, ಅಲ್ಹಾಜಿ," ಎಂದರು ಮಿಸೆಸ್ ಬಾಂಕೋಲೆ. ಅವರ ಧ್ವನಿಯಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಂತು ಮಾತಾಡುವ ನರ್ಸಿನ ಮೃದುತ್ವವಿತ್ತು. ಯಾರಿಗಾದರೂ ಭಯವಾಗುವಂಥ ಮೃದುತ್ವ. "ದೋಣಿಯವರೇ ಮೊದಲು ಬಂದಿರ್ತಾರೆ. ನಿಮ್ಮವರೇ ಇರಬೇಕು. ಲಾಗೋಸ್ ನಿಮ್ಮದೇ."

ಕೋಲೋ ಆಕೆಯನ್ನು ನೋಡಿದರು. ಗೆದ್ದವರ ಮುಖವಾಗಿರಲಿಲ್ಲ ಅದು; ದಿನವೂ ಒರಗುತ್ತಿದ್ದ ಗೋಡೆ ಇವತ್ತು ಕೈಗೆ ಸಿಗದವರ ಮುಖ. ಆಮೇಲೆ ಆ ನೋಟ ನಿಧಾನವಾಗಿ ನಡುವಿನ ಕುರ್ಚಿಗೆ ಬಂದು ನಿಂತಿತು.

"ಹೇಳಿಬಿಟ್ರಿ," ಎಂದರು.

ಶಂಕರನಾರಾಯಣರು ಏನೋ ಹೇಳಲು ಬಾಯಿ ತೆರೆದರು. ಕೋಲೋ ರಿಯಾಳನ್ನು ಕರೆದು ಟೀವಿ ಹಾಕಿಸಿಕೊಂಡರು. ಅದರಲ್ಲಿ ಯಾರೋ ಕೇಕಿಗೆ ಕೆನೆ ಬಳಿಯುತ್ತಿದ್ದರು. ಕೋಲೋ ಕೊನೆಯವರೆಗೆ ಅದನ್ನೇ ನೋಡಿದರು. ಆ ದಿನ ಸಮಯ ಹೋಗಲೇ ಇಲ್ಲ.

ಬುಧವಾರ ಆ ಕುರ್ಚಿ ಖಾಲಿಯಿತ್ತು.

"ಫೋನ್ ಮಾಡಿ ಬರಲ್ಲ ಅಂದ್ರಂತೆ, ಅಂಕಲ್," ಎಂದಳು ರಿಯಾ. ಎಡಿಸನ್ನಿನಲ್ಲಿ ಹುಟ್ಟಿ ಬೆಳೆದ ಗುಜರಾತಿ ಹುಡುಗಿ. ಅವಳಿಗೆ ಕೋಲೋ ಅವರೂ ಅಂಕಲ್ಲೇ. "ಹುಷಾರಿಲ್ಲ ಅಂತ."

"ಹಬ್ಬಕ್ಕೆ ಇನ್ನೂ ದಿನ ಇದೆಯಲ್ಲ," ಎಂದರು ಶಂಕರನಾರಾಯಣರು, ಯಾರಿಗೆಂದಿಲ್ಲದೆ.

"ಹಬ್ಬವಂತೆ!" ಮಿಸೆಸ್ ಬಾಂಕೋಲೆ ಚಾಚಿದ ತೋಳನ್ನು ಬಿಟ್ಟು ಮಿಕ್ಕೆಲ್ಲ ಮೈಯನ್ನು ಇವರ ಕಡೆ ತಿರುಗಿಸಿದರು. "ವಾದ ಮಾಡೋನು ಬದುಕಿರ್ತಾನೆ, ಮಿಸ್ಟರ್ ನಾರಾಯಣ. ನಾನು ಒಪ್ಪಿಕೊಂಡ ಕ್ಷಣ ಆತನಿಗೆ ಗೊತ್ತಾಯ್ತು, ನಾವು ಆಗಲೇ ಅಳೋಕೆ ಕೂತಿದೀವಿ ಅಂತ. ಇದು ನನಗಾದ್ರೂ ಹೊಳೀಬೇಕಿತ್ತು. ನಿಮ್ಮ ಮಾತು ಕಟ್ಕೊಂಡು ನಮ್ಮಜ್ಜಿ ಊರನ್ನೂ ಕೊಟ್ಟೆ, ಆ ಮನುಷ್ಯನನ್ನೂ ಕಳಿಸಿದೆ. ನಿಮಗೆ ಯಾರು ಹೇಳಿಕೊಟ್ರು ಇದನ್ನ?"

"ನನ್ನ ಹೆಂಡತಿ," ಎನ್ನಬಹುದಿತ್ತು. ಶಂಕರನಾರಾಯಣರು ಅನ್ನಲಿಲ್ಲ. ಆಕೆ ಬೈಯುತ್ತಲೇ ಇದ್ದರು, ನಡುವೆ ಯೊರುಬಾದಲ್ಲೂ ಬೈದರು, ಅದು ಇನ್ನೂ ಸ್ಪಷ್ಟವಾಗಿ ಅರ್ಥವಾಯಿತು. ಬೈಸಿಕೊಳ್ಳುವವರು ಸಾಮಾನ್ಯವಾಗಿ ಕೋಣೆಯಿಂದ ಹೊರಗೆ ಹೋಗುತ್ತಾರೆ. ಇವರ ಎರಡು ಕೊಳವೆಗಳಿಗೂ ಟೇಪು ಅಂಟಿಸಿತ್ತು.

ಶುಕ್ರವಾರ ಮಗಳು ಕೋಲೋ ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು. ಕಾಲು ಊದಿಕೊಂಡಿತ್ತು, ಉಸಿರು ಸಣ್ಣಸಣ್ಣದಾಗಿ ಬರುತ್ತಿತ್ತು. ಫ್ಲೂ ಇರಬೇಕೆಂದುಕೊಂಡಿದ್ದೆ ಎಂದು ಅವಳು ರಿಯಾಳಿಗೆ ಹೇಳುತ್ತಿದ್ದಳು. ಕೋಲೋ ಅವಳ ಮುಖ ನೋಡಲಿಲ್ಲ. ಸೂಜಿ ಇಳಿಯಿತು, ಎರಡನೆಯದೂ ಇಳಿಯಿತು. ಲಾಗೋಸ್ ಕಟ್ಟಿದವರ ಹೆಸರು ಬರಲಿಲ್ಲ. ಮಗಳು ಹೊರಗೆ ಹೋಗಿ ಕೂತಳು.

ಮೈಯ ನೀರು ಒಂದಿಷ್ಟು ಇಳಿದು ಅವರ ಉಸಿರು ಹದಕ್ಕೆ ಬಂದಮೇಲೆ ಮಿಸೆಸ್ ಬಾಂಕೋಲೆ ಗಂಟಲು ಸರಿಮಾಡಿಕೊಂಡರು.

"ಅಲ್ಹಾಜಿ, ನಾನು ಸೋಮವಾರ ಹೇಳಿದ್ದು ಸುಳ್ಳು. ಲಾಗೋಸ್ ನಮ್ಮದು. ನಿಮ್ಮವರು ಚಾಕರಿಗೇ ಬಂದಿದ್ದು."

"ಮೇಡಂ," ಎಂದರು ಕೋಲೋ, ಕಣ್ಣು ಮುಚ್ಚಿಕೊಂಡೇ. "ಸೋಮವಾರ ಕೊಟ್ಟಿದ್ದೂ ಕರುಣೆ. ಇವತ್ತು ಕಿತ್ಕೊಳ್ತಿರೋದೂ ಕರುಣೆ. ಊರು ನೀವೇ ಇಟ್ಕೊಳ್ಳಿ." ಆಮೇಲೆ ಕಣ್ಣು ತೆರೆದು, "ಶಂಕರ್, ನೀವೊಬ್ರು ಬಾಕಿ. ನಿಮ್ಮದೂ ಏನಾದ್ರೂ ದಾನ ಇದ್ರೆ ಕೊಟ್ಟು ಮುಗಿಸಿಬಿಡಿ."

ಹೌದು ಎಂದರೆ ದಾನ, ಅಲ್ಲ ಎಂದರೂ ದಾನ. ಶಂಕರನಾರಾಯಣರಿಗೆ ಹೋಗಲು ಇದ್ದ ಎರಡು ದಾರಿಗಳನ್ನೂ ಆ ಮನುಷ್ಯ ಮುಚ್ಚಿದ್ದರು. ಅವರು ಮಂಕಿ ಕ್ಯಾಪು ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡರು.

"ನಾನು ನಿಮ್ಮ ಮಾತನ್ನ ಒಂದು ದಿನವೂ ನಂಬಲಿಲ್ಲ," ಎಂದರು.

"ಒಂದು ದಿನವೂ?"

"ಇಲ್ಲ. 'ಇರಬಹುದು' ಅಂದಾಗಲೆಲ್ಲ ಒಳಗೇ ನಗ್ತಿದ್ದೆ. ಯಾಕೆ ಅಂದ್ರೆ ಇದೇ ಭಾಷಣ ನಾನೂ ಮಾಡ್ತೀನಿ. ಪ್ರತಿ ನವೆಂಬರ್. ಹೈಸ್ಕೂಲ್ ಆಡಿಟೋರಿಯಂ ಬಾಡಿಗೆಗೆ ಹಿಡಿದು, ಶಾಲು ಹೊದ್ದು, ಮುಂಬೈ ಮೂಲದಲ್ಲಿ ಕನ್ನಡಿಗರದ್ದು ಅಂತೀನಿ. ಎಲ್ಲರೂ ಚಪ್ಪಾಳೆ ಹೊಡೀತಾರೆ. ಆಮೇಲೆ ಬಿಸಿಬೇಳೆಬಾತು."

"ಮುಂಬೈ ಅಂದ್ರೆ ಬಾಂಬೆ?" ಎಂದರು ಮಿಸೆಸ್ ಬಾಂಕೋಲೆ. "ಆ ದೊಡ್ಡದು?"

"ಅದೇ."

"ಅಲ್ಲಿ ಮೊದಲು ಇದ್ದೋರು ಯಾರು?" ಕೋಲೋ ಕೇಳಿದರು.

"ಮೀನುಗಾರರು. ಕೋಲಿ ಅಂತ."

"ಅವರು ನಿಮ್ಮೋರಾ?"

"ಪೂರ್ತಿ... ಅಲ್ಲ."

"ಪೂರ್ತಿ ಅಲ್ಲವಂತೆ!" ಮಿಸೆಸ್ ಬಾಂಕೋಲೆ ನಕ್ಕರು. "ಹಾಗಾದ್ರೆ ಎಷ್ಟು? ಮೊಣಕಾಲ್ತನಕ?"

"ನಗಬೇಡಿ. ಶಾಸನಗಳಿವೆ. ಆ ರಾಜ್ಯದಲ್ಲಿ ಎಷ್ಟೋ ಕಡೆ ಕನ್ನಡದಲ್ಲಿ ಕೆತ್ತಿದ ಕಲ್ಲುಗಳು ಸಿಕ್ಕಿವೆ. ನಿಮ್ಮ ಹಾಗೆ ತಾತ ಹೇಳಿದ ಕಥೆಯಲ್ಲ." ತಾವೂ ಅದೇ ಜಾತಿಯ ಸುಳ್ಳುಗಾರ ಎಂದು ತೋರಿಸಿಕೊಡಲು ಹೊರಟಿದ್ದವರು, ತಮ್ಮ ಧ್ವನಿ ಯಾಕೆ ಏರಿತೆಂದು ಒಂದು ಕ್ಷಣ ಬೆರಗಾದರು. ಒಪ್ಪಿಸಲು ತಂದ ಕಳ್ಳಮಾಲು ಕೈಯಲ್ಲಿದ್ದಂತೆಯೇ ಸ್ವಂತದ್ದಾಗಿಬಿಟ್ಟಿತ್ತು.

ಕೋಲೋ ತಲೆದಿಂಬಿನಿಂದ ತಲೆ ಎತ್ತಿದರು. "ಕಲ್ಲು ಕೆತ್ತಿಸೋನು ಯಾರು, ಶಂಕರ್? ಹೊರಗಿಂದ ಆಳೋಕೆ ಬಂದೋನು. ಮೊದಲಿಂದ ಇದ್ದೋನು ಯಾಕೆ ಕೆತ್ತಿಸ್ತಾನೆ? ತನ್ನ ಮನೆ ತನ್ನದು ಅಂತ ಅವನಿಗೆ ಗೊತ್ತಲ್ಲ."

"ಅಲ್ಹಾಜಿ ಹೇಳೋದು ಸರಿ," ಎಂದರು ಮಿಸೆಸ್ ಬಾಂಕೋಲೆ.

ಆ ಮಾತಿನಿಂದ ಮೂವರಿಗೂ ಆಶ್ಚರ್ಯವಾಯಿತು. ಎಲ್ಲರಿಗಿಂತ ಹೆಚ್ಚಾಗಿ ಆಕೆಗೆ. ಆದರೆ ಕೋಲೋ ಅದನ್ನು ತೂಗಿ ನೋಡಿ, ಅದರಲ್ಲಿ ಕರುಣೆಯ ಕಲಬೆರಕೆ ಇಲ್ಲವೆಂದು ಕಂಡುಕೊಂಡರೆಂದು ತೋರುತ್ತದೆ. "ಇನ್ನೊಬ್ಬರ ಊರಲ್ಲಿ ಕಲ್ಲು ನೆಟ್ಟು ಬಂದಿದೀರಿ," ಎಂದು ಮುಂದುವರಿಸಿದರು. "ನಾವು ದೋಣೀಲಿ ಹೋದ್ವಿ, ಗುಡಿಸಲು ಹಾಕಿದ್ವಿ. ನೀವು ಬರೀ ಸಹಿ ಹಾಕಿ ಬಂದಿದೀರಿ."

"ಸಹಿ ಅಲ್ಲ ರೀ ಅದು! ದಾನಶಾಸನ!" ಶಂಕರನಾರಾಯಣರ ಬಾಯಿಂದ "ರೀ" ಎಂಬುದು ಕನ್ನಡದಲ್ಲೇ ಬಂತು. "ಊರಿಗೆ ಊರೇ ದಾನ ಕೊಟ್ಟ ದಾಖಲೆ ಅದು. ತಮ್ಮದಲ್ಲದ್ದನ್ನ ಯಾರಾದ್ರೂ ದಾನ ಕೊಡ್ತಾರಾ?"

"ನೀವು ಕೊಟ್ರಿ. ಲಾಗೋಸ್ ಕೊಟ್ರಿ. ಅದು ನಿಮ್ಮದಾಗಿತ್ತಾ?" ಎಂದರು ಮಿಸೆಸ್ ಬಾಂಕೋಲೆ.

ಶಂಕರನಾರಾಯಣರಿಗೆ ಸಿಟ್ಟು ಬಂತು. ಕನ್ನಡ ಕೂಟ ಒಡೆದಾಗಲೂ ಬಾರದ ಸಿಟ್ಟು. ಎಡಗಡೆಗೆ ತಿರುಗಿದರೆ ಒಬ್ಬರು, ಬಲಗಡೆಗೆ ತಿರುಗಿದರೆ ಇನ್ನೊಬ್ಬರು. ಸರಿದುಕೊಳ್ಳಲು ಯಾವ ಕಡೆಗೂ ಒಂದಿಂಚು ಜಾಗವಿರಲಿಲ್ಲ. ರಿಯಾ ಬಂದು ಅವರ ಯಂತ್ರದ ಪರದೆ ನೋಡಿದಳು.

"ಅಂಕಲ್, ಬಿಪಿ ಏರ್ತಾ ಇದೆ ನಿಮ್ಮದು."

"ಏರ್ಲಿ," ಎಂದರು ಕೋಲೋ.

ಸಂಜೆಯ ಹೊತ್ತಿಗೆ ರಿಯಾ ಒಬ್ಬೊಬ್ಬರದೇ ಸೂಜಿ ತೆಗೆದಳು. ತೂತುಗಳ ಮೇಲೆ ಮಡಿಸಿದ ಬಟ್ಟೆಯ ತುಂಡು ಇಟ್ಟು, ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಳ್ಳಿ ಎಂದಳು. ರಕ್ತ ಕಟ್ಟುವವರೆಗೆ ಅದನ್ನು ಅವರವರೇ ಹಿಡಿದುಕೊಳ್ಳಬೇಕು.

"ಸೋಮವಾರ ಬರ್ತೀರಲ್ಲ, ಕೋಲೋ ಅಂಕಲ್?" ಎಂದು ಅವಳು ಕೇಳಿದಳು. ಬಾಗಿಲ ಬಳಿ ಮಗಳು ಅವರ ಕೋಟು ಹಿಡಿದು ನಿಂತಿದ್ದಳು.

ಕೋಲೋ ಆ ಕೋಟಿನ ಕಡೆ ಒಮ್ಮೆ ನೋಡಿದರು. "ಶಂಕರ್, ಆ 'ಕಲ್ಲು' ಅಂದ್ರಲ್ಲ," ಎಂದರು, ಈಚೆ ನೋಡದೆ. "ಫೋಟೊ ಇದೆಯಾ?"

"ಮನೇಲಿದೆ," ಎಂದರು ಶಂಕರನಾರಾಯಣರು.

"ಅಕ್ಷರ ಕಾಣತ್ತಾ?"

"ಕಾಣತ್ತೆ. ಕೆಲವು ಕಡೆ ಸವೆದಿದೆ."

"ಸವೆದಿದ್ರೆ ಏನು ಬೇಕಾದ್ರೂ ಓದಬಹುದು," ಎಂದರು ಮಿಸೆಸ್ ಬಾಂಕೋಲೆ.

ಮೂವರೂ ಸಾಲಾಗಿ, ತಮ್ಮ ತೋಳನ್ನು ತಾವೇ ಒತ್ತಿ ಹಿಡಿದು ಕೂತಿದ್ದರು. ಕೋಲೋ ಬಟ್ಟೆಯ ಅಂಚನ್ನು ಒಂದಿಷ್ಟು ಎತ್ತಿ ನೋಡಿದರು. ಕೆಂಪು ಚುಕ್ಕೆಯೊಂದು ಮೂಡಿ, ದೊಡ್ಡದಾಗತೊಡಗಿತು. ಅವರು ಬಟ್ಟೆಯನ್ನು ಮತ್ತೆ ಮುಚ್ಚಿ, ಎರಡು ಬೆರಳಿನಿಂದ ಬಲವಾಗಿ ಒತ್ತಿದರು.